ಅರ್ಧ ಮಿಲಿಮೀಟರಿನ ಲೆಕ್ಕ

ಅಟ್ಟದಿಂದಲೋ ಗುಜರಿ ಅಂಗಡಿಯಿಂದಲೋ ಹಳೆಯ ದೊಡ್ಡ ಕ್ಯಾಮೆರಾವೊಂದು ಕೈಗೆ ಬಂದರೆ ಹೆಚ್ಚಿನವರು ಮೊದಲು ಅದರ ಚರ್ಮದ ಹೊದಿಕೆಗೆ ಪಾಲಿಶ್ ಹಚ್ಚುತ್ತಾರೆ, ಲೋಹದ ಭಾಗಗಳನ್ನು ತಿಕ್ಕಿ ಹೊಳೆಯಿಸುತ್ತಾರೆ. ಅದು ಕೊನೆಗೆ ಮಾಡುವ ಕೆಲಸ. ಮಾಡದಿದ್ದರೂ ಚಿತ್ರ ಮೂಡುತ್ತದೆ. ಚಿತ್ರ ಮೂಡಲು ಬೇಕಾದದ್ದು ಮೂರೇ ಮೂರು: ಬೇಡದ ಬೆಳಕು ಒಳಗೆ ನುಸುಳಬಾರದು, ಬೇಕಾದ ಬೆಳಕು ಎಷ್ಟು ಹೊತ್ತು ಬಂತೆಂಬುದು ಗೊತ್ತಿರಬೇಕು, ಫೋಕಸ್ ಮಾಡುವಾಗ ಗಾಜು ಎಲ್ಲಿತ್ತೋ ಅದೇ ಜಾಗಕ್ಕೆ ಫಿಲ್ಮ್ ಬಂದು ಕೂರಬೇಕು. ಎರಡನೆಯದರಲ್ಲಿ ‘ಗೊತ್ತಿರಬೇಕು’ ಎಂದಷ್ಟೇ ಹೇಳಿದ್ದನ್ನು ಗಮನಿಸಿ. ಎಪ್ಪತ್ತು ವರ್ಷ ಹಳೆಯ ಸ್ಪ್ರಿಂಗು ಮತ್ತೆ ಹೊಸದಾಗುವುದಿಲ್ಲ. ಆದರೆ ಅದು ಎಷ್ಟು ತಪ್ಪುತ್ತಿದೆ ಎಂದು ಅಳೆಯಬಹುದು. ಅಳೆದ ತಪ್ಪನ್ನು ಲೆಕ್ಕಕ್ಕೆ ಹಿಡಿದರೆ ಅದು ತಪ್ಪಾಗಿ ಉಳಿಯುವುದಿಲ್ಲ. ಹಳೆಯ ಕ್ಯಾಮೆರಾ ದುರಸ್ತಿಯಲ್ಲಿ ಸ್ಕ್ರೂಡ್ರೈವರ್‌ಗಿಂತ ಅಳತೆಗೋಲಿಗೇ ಹೆಚ್ಚು ಕೆಲಸ ಎಂದು ನಾನು ನಂಬಿರುವುದು ಇದಕ್ಕೇ.

ಉದಾಹರಣೆಗೆ ಸ್ಪೀಡ್ ಗ್ರಾಫಿಕ್ ಕ್ಯಾಮೆರಾವನ್ನು ತೆಗೆದುಕೊಳ್ಳೋಣ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಪಟ್ಟಣದಲ್ಲಿ 1912ರಿಂದ 1973ರವರೆಗೆ ಇದು ಒಂದಲ್ಲ ಒಂದು ರೂಪದಲ್ಲಿ ತಯಾರಾಯಿತು. ಮಹಾಗನಿ ಮರದ ಪೆಟ್ಟಿಗೆ, ಮೇಲೆ ಕಪ್ಪು ಚರ್ಮ, ಮುಂಬಾಗಿಲು ತೆರೆದರೆ ಹಳಿಯ ಮೇಲೆ ಜಾರಿ ಮುಂದೆ ಬರುವ ಲೆನ್ಸ್. ಒಂದೊಂದು ಚಿತ್ರಕ್ಕೂ ಒಂದೊಂದು ಹಾಳೆ ಫಿಲ್ಮ್. ಅಳತೆ 4×5 ಇಂಚು. ನಾವು ರೋಲ್‌ಗಳಲ್ಲಿ ಬಳಸುತ್ತಿದ್ದ 35 ಮಿ.ಮೀ. ಫಿಲ್ಮಿನ ಒಂದು ಚೌಕಟ್ಟಿಗೆ ಹೋಲಿಸಿದರೆ ಇದರ ವಿಸ್ತೀರ್ಣ ಸುಮಾರು 15 ಪಟ್ಟು. 1945ರ ಫೆಬ್ರವರಿ 23ರಂದು ಇವೊ ಜಿಮಾ ದ್ವೀಪದಲ್ಲಿ ಅಮೆರಿಕದ ಸೈನಿಕರು ಧ್ವಜ ನೆಡುತ್ತಿದ್ದ ಆ ಪ್ರಸಿದ್ಧ ಚಿತ್ರವನ್ನು ಜೋ ರೊಸೆಂತಾಲ್ ತೆಗೆದದ್ದು ಇದರಲ್ಲೇ. ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೊಮಾಯ್ ವ್ಯಾರಾವಾಲಾ ಬಳಸಿದ ಕ್ಯಾಮೆರಾಗಳಲ್ಲೂ ಸ್ಪೀಡ್ ಗ್ರಾಫಿಕ್ ಇತ್ತು. ನಮ್ಮ ಕಡೆಯ ಹಳೆಯ ಸ್ಟುಡಿಯೋಗಳಲ್ಲಿ ಸಿಗುವುದು ಹೆಚ್ಚಾಗಿ ಮುಕ್ಕಾಲಿಯ ಮೇಲೆ ನಿಲ್ಲಿಸಿ, ತಲೆಗೆ ಕಪ್ಪು ಬಟ್ಟೆ ಹೊದ್ದು ನೋಡುವ ಮರದ ಫೀಲ್ಡ್ ಕ್ಯಾಮೆರಾ. ಕೇರಳದ ಆಲಪ್ಪುಳದಲ್ಲಿ 1940ರ ದಶಕದಲ್ಲಿ ತಯಾರಿಕೆ ಆರಂಭಿಸಿದ ವಾಗೀಶ್ವರಿ ಕ್ಯಾಮೆರಾಗಳೂ ಇದೇ ಜಾತಿಯವು. ಇಲ್ಲಿ ಹೇಳುವ ಮೂರು ಪರೀಕ್ಷೆಗಳು ಅವುಗಳಿಗೂ ಹೊಂದುತ್ತವೆ. ಎಲ್ಲವೂ ಕಣ್ಣಿಗೆ ಕಾಣುವ ಮರ, ಲೋಹ, ಗಾಜು, ಬಟ್ಟೆ. ಒಂದು ಚಿಪ್ ಸುಟ್ಟುಹೋದರೆ ಇಡೀ ಯಂತ್ರವೇ ಮೂಲೆಗೆ ಸೇರುವ ಭಯ ಇಲ್ಲಿಲ್ಲ.

ಮೊದಲು ಕತ್ತಲೆಯ ವಿಚಾರ. ಲೆನ್ಸಿಗೂ ಪೆಟ್ಟಿಗೆಗೂ ನಡುವೆ ಹಾರ್ಮೋನಿಯಂನ ತಿದಿಯಂತೆ ಮಡಿಕೆ ಮಡಿಕೆಯಾಗಿ ಹಿಗ್ಗುವುದೇ ಬೆಲ್ಲೋಸ್. ಹೊರಗೆ ಚರ್ಮ, ಒಳಗೆ ಕಪ್ಪು ಬಟ್ಟೆ, ಮಡಿಕೆ ಬಿಗಿಯಾಗಿ ನಿಲ್ಲಲು ನಡುವೆ ರಟ್ಟಿನ ಪಟ್ಟಿಗಳು. ಮಡಿಕೆಯ ಮೂಲೆಗಳಲ್ಲಿ ಮೂರು ದಿಕ್ಕಿನ ಎಳೆತ ಒಂದೇ ಬಿಂದುವಿಗೆ ಬೀಳುವುದರಿಂದ ಅಲ್ಲೇ ಮೊದಲು ಸವೆಯುತ್ತದೆ. ಕತ್ತಲೆ ಕೋಣೆಯಲ್ಲಿ ಬೆಲ್ಲೋಸನ್ನು ಪೂರ್ತಿ ಹಿಗ್ಗಿಸಿ, ಒಳಗೆ ಟಾರ್ಚ್ ಹಚ್ಚಿಟ್ಟು, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಕಾದು, ಸುತ್ತಲೂ ನೋಡಬೇಕು. ಸವೆದ ಕಡೆ ಬೆಳಕಿನ ಚುಕ್ಕೆಗಳು ಕಾಣುತ್ತವೆ.

ಇಷ್ಟು ಸಣ್ಣ ತೂತಿನಿಂದ ಏನಾದೀತು ಎನ್ನಿಸುವುದು ಸಹಜ. ಲೆಕ್ಕ ಹಾಕಿಯೇ ನೋಡೋಣ. ತೂತು 0.3 ಮಿ.ಮೀ., ಅಲ್ಲಿಂದ ಫಿಲ್ಮಿಗೆ 120 ಮಿ.ಮೀ. ದೂರ. ಸಣ್ಣ ತೂತೆಂದರೆ ಅದೇ ಒಂದು ಸೂಜಿರಂಧ್ರ ಕ್ಯಾಮೆರಾ. 120ನ್ನು 0.3ರಿಂದ ಭಾಗಿಸಿದರೆ 400, ಅಂದರೆ ಅದು ಎಫ್ 400ರ ಅಪರ್ಚರ್. ನಾವು ಚಿತ್ರ ತೆಗೆಯುವುದು ಎಫ್ 22ರಲ್ಲಿ ಎಂದುಕೊಂಡರೆ, ತೂತಿನಿಂದ ಬರುವ ಬೆಳಕು ಲೆನ್ಸಿನಿಂದ ಬರುವುದರ ಸುಮಾರು 330ನೇ ಒಂದು ಭಾಗ. ಇಲ್ಲಿಯವರೆಗೆ ನೆಮ್ಮದಿಯೇ. ಆದರೆ ಲೆನ್ಸ್ ತೆರೆದಿರುವುದು ಸೆಕೆಂಡಿನ 1/50 ಭಾಗ ಮಾತ್ರ. ತೂತಿಗೆ ಶಟರ್ ಇಲ್ಲ. ಫಿಲ್ಮಿನ ಮುಂದಿನ ಡಾರ್ಕ್ ಸ್ಲೈಡ್ ಎಳೆದ ಕ್ಷಣದಿಂದ ಮತ್ತೆ ಹಾಕುವವರೆಗೂ ಅದು ಬೆಳಕು ಸುರಿಸುತ್ತಲೇ ಇರುತ್ತದೆ. ಹತ್ತು ಸೆಕೆಂಡು ತೆಗೆದಿಟ್ಟರೆ 500 ಪಟ್ಟು ಸಮಯ. ಅಂದರೆ ತೂತಿನ ಬೆಳಕು ಚಿತ್ರದ ಬೆಳಕಿನ ಒಂದೂವರೆ ಪಟ್ಟು! ಎದುರಿನ ವ್ಯಕ್ತಿ ನಗಲೆಂದು ಒಂದು ನಿಮಿಷ ಕಾದರೆ ಒಂಬತ್ತು ಪಟ್ಟು. ಪಕ್ಕದಿಂದ ಓರೆಯಾಗಿ ಬೀಳುವುದರಿಂದ ಇದು ಸ್ವಲ್ಪ ತಗ್ಗುತ್ತದೆ, ನಿಜ. ಆದರೂ ನೆಗೆಟಿವ್ ಮೇಲೆ ಕಪ್ಪು ಮಚ್ಚೆ ಖಚಿತ. ಹಳೆಯ ಕಾಲದವರು ಕ್ಯಾಮೆರಾ ಮೇಲೆ ಕಪ್ಪು ಬಟ್ಟೆ ಹೊದಿಸಿಯೇ ಡಾರ್ಕ್ ಸ್ಲೈಡ್ ಎಳೆಯುತ್ತಿದ್ದುದರ ಹಿಂದೆ ಈ ಲೆಕ್ಕವಿದೆ. ಒಂದೆರಡು ತೂತಿದ್ದರೆ ಕಪ್ಪು ಅಕ್ರಿಲಿಕ್ ಬಣ್ಣವನ್ನೋ ಬಟ್ಟೆಗೆ ಹಚ್ಚುವ ಕಪ್ಪು ಬಣ್ಣವನ್ನೋ ತೆಳುವಾಗಿ, ಒಣಗಿಸಿ ಒಣಗಿಸಿ ಹಚ್ಚಿದರೆ ಮುಚ್ಚುತ್ತದೆ. ದಪ್ಪಗೆ ಮೆತ್ತಿದರೆ ಮಡಿಕೆ ಮಡಚುವುದಿಲ್ಲ. ಮೂಲೆ ಮೂಲೆಯೂ ಜರಡಿಯಾಗಿದ್ದರೆ ಬೆಲ್ಲೋಸನ್ನೇ ಬದಲಿಸುವುದು ಮೇಲು.

ಲೆನ್ಸ್ ವಿಷಯದಲ್ಲಿ ಅನೇಕರು ಅನಗತ್ಯವಾಗಿ ಹೆದರುತ್ತಾರೆ. ಗಾಜಿನ ಮೇಲಿನ ಒಂದೆರಡು ಗೀರು, ಒಳಗಿನ ನಾಲ್ಕು ಧೂಳಿನ ಕಣ ಚಿತ್ರದಲ್ಲಿ ಕಾಣುವುದೇ ಇಲ್ಲ. ಹೆದರಬೇಕಾದದ್ದು ಫಂಗಸ್‌ಗೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಮಳೆಗಾಲ ಕಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಚರ್ಮದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಲೆನ್ಸಿನ ಮೇಲೆ ಜೇಡನ ಎಳೆಗಳಂಥ ಬೂಷ್ಟು ಹಬ್ಬುತ್ತದೆ, ಅದು ಸ್ರವಿಸುವ ಆಮ್ಲ ಗಾಜಿನ ಮೇಲ್ಮೈಯನ್ನೇ ಕೊರೆಯುತ್ತದೆ. ಬೇಗ ಒರೆಸಿದರೆ ಹೋಗುತ್ತದೆ. ಕೊರೆದ ಮೇಲೆ ಒರೆಸಿದರೆ ಬೂಷ್ಟು ಹೋಗಿ ಕಲೆ ಉಳಿಯುತ್ತದೆ. ಇನ್ನೊಂದು ತೊಂದರೆ ಅಂಟಿನದು. ಸ್ಪೀಡ್ ಗ್ರಾಫಿಕ್ ಜೊತೆ ಬಹಳ ಸಿಗುವ ಕೊಡಾಕ್ ಎಕ್ಟಾರ್ 127 ಮಿ.ಮೀ. ಲೆನ್ಸ್, 1902ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿ ಪೌಲ್ ರುಡಾಲ್ಫ್ ರೂಪಿಸಿದ ಟೆಸ್ಸಾರ್ ಮಾದರಿಯದು. ನಾಲ್ಕು ಗಾಜು, ಅವುಗಳಲ್ಲಿ ಹಿಂದಿನ ಎರಡು ಒಂದಕ್ಕೊಂದು ಅಂಟಿವೆ. ಆ ಕಾಲದ ಲೆನ್ಸ್ ತಯಾರಕರು ಇಂಥ ಅಂಟಿಕೆಗೆ ಬಳಸುತ್ತಿದ್ದದ್ದು ಕೆನಡಾ ಬಾಲ್ಸಮ್ ಎಂಬ ಮರದ ಅಂಟು. ಅದರ ವಕ್ರೀಭವನ ಸೂಚ್ಯಂಕ ಗಾಜಿನದಕ್ಕೆ ಬಹಳ ಹತ್ತಿರವಿರುವುದರಿಂದ ಬೆಳಕು ಗಾಜಿನಿಂದ ಗಾಜಿಗೆ ಹೆಚ್ಚುಕಡಿಮೆ ಅಡೆತಡೆಯಿಲ್ಲದೆ ದಾಟುತ್ತದೆ. ಅಂಟು ಬಿಟ್ಟುಕೊಂಡ ಜಾಗದಲ್ಲಿ ಗಾಳಿಯ ಪದರ ಸೇರಿ ಕಾಮನಬಿಲ್ಲಿನ ಬಣ್ಣದ ಉಂಗುರಗಳು ಕಾಣಿಸುತ್ತವೆ. ಅಂಚಿನಲ್ಲಷ್ಟೇ ಇದ್ದರೆ ಅಪರ್ಚರ್ ಕಿರಿದುಮಾಡಿ ಬಳಸಬಹುದು. ಮಧ್ಯದವರೆಗೂ ಬಂದಿದ್ದರೆ ಬೇರೆ ಲೆನ್ಸ್ ಹುಡುಕುವುದು ಒಳ್ಳೆಯದು.

ಕೊಡಾಕ್ ಲೆನ್ಸಿನ ವಯಸ್ಸು ತಿಳಿಯಲು ಒಂದು ಸೊಗಸಾದ ದಾರಿಯಿದೆ. ಅದರ ಸಂಖ್ಯೆಯ ಮುಂದೆ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ‘ಕ್ಯಾಮೆರೋಸಿಟಿ’ (CAMEROSITY) ಎಂಬ ಹತ್ತಕ್ಷರದ ಇಂಗ್ಲಿಷ್ ಪದವನ್ನು ಕಂಪನಿ ಕಟ್ಟಿಕೊಂಡಿತ್ತು. ಅದರ ಅಕ್ಷರಗಳು ಕ್ರಮವಾಗಿ 1, 2, 3 ಎಂದು ಸಾಗಿ ಕೊನೆಯದು 0. ‘ಇ’ ನಾಲ್ಕನೆಯದು, ‘ಓ’ ಆರನೆಯದು. ಹಾಗಾಗಿ ‘ಇ-ಓ’ ಎಂದಿದ್ದರೆ ಲೆನ್ಸ್ 1946ರದು.

ಇನ್ನು ಶಟರ್. ಸ್ಪೀಡ್ ಗ್ರಾಫಿಕ್‌ನಲ್ಲಿ ಎರಡು ಶಟರ್‌ಗಳಿವೆ, ಒಂದು ಲೆನ್ಸಿನ ನಡುವೆ, ಇನ್ನೊಂದು ಫಿಲ್ಮಿನ ಮುಂದೆ. ಒಂದನ್ನು ಬಳಸುವಾಗ ಇನ್ನೊಂದು ತೆರೆದಿರಬೇಕು.

ಲೆನ್ಸಿನೊಳಗಿನ ಶಟರ್‌ನಲ್ಲಿ ತೆಳುವಾದ ಉಕ್ಕಿನ ಅಲಗುಗಳು ಮಧ್ಯದಿಂದ ತೆರೆದು ಮತ್ತೆ ಮುಚ್ಚುತ್ತವೆ. ತೆರೆಯಲು ಶಕ್ತಿ ಕೊಡುವುದು ಸ್ಪ್ರಿಂಗ್. ಒಂದು ಸೆಕೆಂಡ್, ಅರ್ಧ ಸೆಕೆಂಡಿನಂಥ ನಿಧಾನದ ವೇಗಗಳಲ್ಲಿ ಮುಚ್ಚುವುದನ್ನು ತಡೆದು ಹಿಡಿಯುವುದು ಗಡಿಯಾರದಲ್ಲಿರುವಂಥದೇ ಹಲ್ಲುಚಕ್ರಗಳ ಸಾಲು. ಹಳೆಯ ಶಟರ್‌ನಲ್ಲಿ 1/100 ಸರಿಯಾಗಿ ಹೊಡೆದು, ಒಂದು ಸೆಕೆಂಡಿಗೆ ಇಟ್ಟಾಗ ತೆರೆದದ್ದು ತೆರೆದೇ ಉಳಿದರೆ ರೋಗ ಎಲ್ಲಿದೆ ಎಂಬುದು ಅಲ್ಲಿಗೇ ಗೊತ್ತಾಯಿತು. ಸ್ಪ್ರಿಂಗ್ ಗಟ್ಟಿಯಾಗಿದೆ, ಹಲ್ಲುಚಕ್ರಗಳ ಎಣ್ಣೆ ಒಣಗಿ ಅಂಟಾಗಿದೆ. ಮುಂದಿನ ಮುಚ್ಚಳ ತೆಗೆದು, ಲೈಟರ್‌ಗೆ ಹಾಕುವ ನಾಫ್ತಾ ದ್ರವವನ್ನು ಹನಿ ಹನಿಯಾಗಿ ಚಕ್ರಗಳ ಮೇಲೆ ಬಿಟ್ಟು, ಶಟರನ್ನು ಮತ್ತೆ ಮತ್ತೆ ಹೊಡೆಯುತ್ತಾ ಕೊಳೆ ಕರಗಿಸಬೇಕು. ಮಾಡುವ ಮೊದಲು ಕಿಟಕಿ ತೆರೆದಿಡಿ, ಹತ್ತಿರ ಬೆಂಕಿ ಬೇಡವೇ ಬೇಡ. ಲೆನ್ಸಿನ ಗಾಜುಗಳನ್ನು ಮೊದಲೇ ಬಿಚ್ಚಿಟ್ಟಿರಬೇಕು. ಅಲಗುಗಳಿಗೆ ಎಣ್ಣೆ ಹಾಕುವ ಆಸೆ ಎಂದೂ ಬೇಡ. ಅಷ್ಟು ತೆಳುವಾದ ಎರಡು ತಗಡುಗಳ ನಡುವೆ ಎಣ್ಣೆಯ ಪದರ ಸೇರಿದರೆ ಅದರ ಸೆಳೆತವೇ ಅವನ್ನು ಬಂಧಿಸುತ್ತದೆ. ಈ ಕಾಲದ ಅನೇಕ ಶಟರ್‌ಗಳಲ್ಲಿ ಅತಿ ವೇಗಕ್ಕೆ ಇನ್ನೊಂದು ಸ್ಪ್ರಿಂಗ್ ಸೇರಿಕೊಳ್ಳುತ್ತದೆ. ಆದ್ದರಿಂದ 1/400 ಬೇಕಿದ್ದರೆ ಶಟರ್ ಎಳೆಯುವ ಮೊದಲೇ ಆ ಗುರುತಿಗೆ ತಿರುಗಿಸಿಡುವುದು ಕ್ಷೇಮ.

ಶುಚಿಯಾದ ಮೇಲೆ ಅಳತೆ. ನಿಧಾನದ ವೇಗಗಳಿಗೆ ಮೊಬೈಲ್ ಸಾಕು. ಸೆಕೆಂಡಿಗೆ 240 ಚೌಕಟ್ಟಿನ ಸ್ಲೋ ಮೋಷನ್ ವಿಡಿಯೋದಲ್ಲಿ ಒಂದೊಂದು ಚೌಕಟ್ಟೂ ಸುಮಾರು 4 ಮಿಲಿಸೆಕೆಂಡ್; ಶಟರ್ ತೆರೆದಿರುವ ಚೌಕಟ್ಟುಗಳನ್ನು ಎಣಿಸಿದರಾಯಿತು. ವೇಗ ಹೆಚ್ಚಿದಂತೆ ಈ ಎಣಿಕೆ ಒರಟಾಗುತ್ತದೆ. ಆಗ ಫೋಟೋಟ್ರಾನ್ಸಿಸ್ಟರ್ ಒಂದನ್ನು ಕಂಪ್ಯೂಟರಿನ ಮೈಕ್ ತೂತಿಗೆ ಜೋಡಿಸಿ, ಲೆನ್ಸಿನ ಎದುರು ದೀಪ ಇಟ್ಟು, ಬೆಳಕನ್ನು ಧ್ವನಿಯಂತೆ ರೆಕಾರ್ಡ್ ಮಾಡುತ್ತಾರೆ. ಧ್ವನಿಯ ರೆಕಾರ್ಡಿಂಗ್‌ನಲ್ಲಿ ಸೆಕೆಂಡಿಗೆ 48,000 ಅಳತೆಗಳಿರುವುದರಿಂದ ಸೆಕೆಂಡಿನ ಸಾವಿರದ ಒಂದು ಭಾಗವೂ ಅಗಲವಾಗಿ ಕಾಣುತ್ತದೆ.

ಒಂದೊಂದು ವೇಗವನ್ನೂ ಹಲವು ಸಲ ಅಳೆಯುವುದು ಮುಖ್ಯ. 1/100 ಗುರುತಿನಲ್ಲಿ 10 ಮಿಲಿಸೆಕೆಂಡ್ ಬರಬೇಕಾದಲ್ಲಿ ಪ್ರತಿ ಸಲವೂ 14 ಬರುತ್ತಿದೆ ಎಂದಿಟ್ಟುಕೊಳ್ಳಿ. ಇದು ಒಳ್ಳೆಯ ಶಟರ್. ಅದರ 1/100 ಎಂದರೆ ನಿಜದಲ್ಲಿ 1/70, ಅರ್ಧ ಸ್ಟಾಪ್ ಹೆಚ್ಚು ಬೆಳಕು. ಒಂದು ಚೀಟಿಯಲ್ಲಿ ಬರೆದು ಲೆನ್ಸ್ ಬೋರ್ಡಿನ ಹಿಂದೆ ಅಂಟಿಸಿದರೆ ಕೆಲಸ ಮುಗಿಯಿತು. ಇನ್ನೊಂದು ಶಟರ್ 9, 14, 11, 22 ಎಂದು ತೋರಿಸುತ್ತದೆ ಎನ್ನಿ. ಮೊದಲ ಹೊಡೆತ ಗುರುತಿಗೆ ಹತ್ತಿರವಿದ್ದರೂ ಇದನ್ನು ನಂಬುವಂತಿಲ್ಲ, ಮತ್ತೆ ಶುಚಿಮಾಡಬೇಕು. ತಪ್ಪುವುದರಲ್ಲೂ ಒಂದೇ ಸಮನಾಗಿ ತಪ್ಪುವ ಯಂತ್ರದೊಡನೆ ಬಾಳಬಹುದು. ವಿಜ್ಞಾನದ ಯಾವ ಪ್ರಯೋಗಾಲಯದಲ್ಲಿ ಕೇಳಿದರೂ ಉಪಕರಣಗಳ ಬಗ್ಗೆ ಇದನ್ನೇ ಹೇಳುತ್ತಾರೆ.

ಎರಡನೆಯ ಶಟರ್ ಒಂದು ಕಪ್ಪು ಪರದೆ. ಅದರಲ್ಲಿ ಅಡ್ಡ ಸೀಳು. ಸ್ಪ್ರಿಂಗ್ ಎಳೆತಕ್ಕೆ ಪರದೆ ಮೇಲಿನಿಂದ ಕೆಳಕ್ಕೆ ಫಿಲ್ಮಿನ ಮುಂದೆ ಹಾದುಹೋಗುತ್ತದೆ. ಹಳೆಯ ಮಾದರಿಗಳಲ್ಲಿ ನಾಲ್ಕು ಅಳತೆಯ ಸೀಳುಗಳನ್ನೂ ಆರು ಹಂತದ ಬಿಗಿತವನ್ನೂ ಬೆರೆಸಿ 24 ವೇಗಗಳನ್ನು ಪಡೆಯುತ್ತಿದ್ದರು. ಅತಿ ಕಿರಿದಾದ ಸೀಳು 1/8 ಇಂಚು, ಅಂದರೆ ಸುಮಾರು 3.2 ಮಿ.ಮೀ. ಫಿಲ್ಮಿನ ಒಂದು ಬಿಂದುವಿಗೆ ಸೆಕೆಂಡಿನ 1/1000 ಭಾಗ ಬೆಳಕು ಸಿಗಬೇಕಾದರೆ ಪರದೆ ಸೆಕೆಂಡಿಗೆ 3.2 ಮೀಟರ್ ವೇಗದಲ್ಲಿ ಓಡಬೇಕು. ಆ ವೇಗದಲ್ಲಿ ನಾಲ್ಕು ಇಂಚು ಎತ್ತರದ ಫಿಲ್ಮನ್ನು ದಾಟಲು ಬೇಕಾಗುವುದು ಸುಮಾರು 1/30 ಸೆಕೆಂಡ್! ಪ್ರತಿ ಬಿಂದುವೂ ಸಾವಿರದ ಒಂದು ಭಾಗವನ್ನಷ್ಟೇ ಕಾಣುತ್ತದೆ, ಆದರೆ ಚಿತ್ರದ ಮೇಲಂಚು ಮತ್ತು ಕೆಳಅಂಚು ಬೇರೆ ಬೇರೆ ಗಳಿಗೆಯವು. ಗಂಟೆಗೆ 100 ಕಿ.ಮೀ. ವೇಗದ ಕಾರು ಅಷ್ಟರಲ್ಲಿ ಸುಮಾರು 90 ಸೆಂಟಿಮೀಟರ್ ಮುಂದೆ ಹೋಗಿರುತ್ತದೆ. ಲೆನ್ಸ್ ಬಿಂಬವನ್ನು ತಲೆಕೆಳಗು ಮಾಡುವುದರಿಂದ ಮೊದಲು ದಾಖಲಾಗುವುದು ಚಕ್ರದ ಬುಡ, ಆಮೇಲೆ ಅದರ ತುದಿ. ಹಾಗಾಗಿ ಚಕ್ರ ಮುಂದಕ್ಕೆ ವಾಲಿದಂತೆ ಮೂಡುತ್ತದೆ. ಫ್ರಾನ್ಸಿನ ಜಾಕ್ ಆನ್ರಿ ಲಾರ್ಟೀಗ್ ತೆಗೆದ ಕಾರು ಪಂದ್ಯದ ಪ್ರಸಿದ್ಧ ಚಿತ್ರದಲ್ಲಿ ಚಕ್ರ ಅಂಡಾಕಾರವಾಗಿ ಮುನ್ನುಗ್ಗುವುದು ಇದೇ ಕಾರಣಕ್ಕೆ. ಇಂದಿನ ಮೊಬೈಲ್ ಕ್ಯಾಮೆರಾ ಸೆನ್ಸರ್ ಕೂಡ ಸಾಲು ಸಾಲಾಗಿ ಓದುವುದರಿಂದ ತಿರುಗುವ ಫ್ಯಾನಿನ ರೆಕ್ಕೆಗಳು ಅದರಲ್ಲಿ ಸೊಟ್ಟಗಾಗುತ್ತವೆ.

ಈ ಪರದೆ ಇರುವುದರಿಂದಲೇ ಶಟರ್ ಇಲ್ಲದ ಲೆನ್ಸುಗಳನ್ನೂ ಸ್ಪೀಡ್ ಗ್ರಾಫಿಕ್‌ಗೆ ಹಾಕಬಹುದು. ಎರಡನೇ ಮಹಾಯುದ್ಧದಲ್ಲಿ ವಿಮಾನಗಳಿಂದ ಚಿತ್ರ ತೆಗೆಯಲು ಮಾಡಿದ ಕೊಡಾಕ್ ಏರೋ ಎಕ್ಟಾರ್ ಅಂಥದ್ದೊಂದು. ಛಾಯಾಗ್ರಾಹಕ ಡೇವಿಡ್ ಬರ್ನೆಟ್ ಅದನ್ನು ಇದೇ ಕ್ಯಾಮೆರಾಗೆ ಜೋಡಿಸಿ ಬಳಸಿದ್ದಾರೆ. ಅದರ ಗಾಜಿನಲ್ಲಿ ವಿಕಿರಣಶೀಲ ಥೋರಿಯಂ ಇದೆ. ದಶಕಗಳ ವಿಕಿರಣಕ್ಕೆ ಗಾಜು ಕಂದು ಹಳದಿಯಾಗುತ್ತದೆ, ನೇರಳಾತೀತ ಕಿರಣ ಬಿದ್ದರೆ ಮತ್ತೆ ತಿಳಿಯಾಗುತ್ತದೆ. ಅದನ್ನು ಫಿಲ್ಮ್ ಪೆಟ್ಟಿಗೆಯ ಪಕ್ಕದಲ್ಲಿ ದೀರ್ಘಕಾಲ ಇಡಬಾರದು.

ಈಗ ನನ್ನ ಮಟ್ಟಿಗೆ ಅತಿ ಮುಖ್ಯವಾದ ಭಾಗ. ಕ್ಯಾಮೆರಾದ ಬೆನ್ನಿನಲ್ಲಿ ಒಂದು ಮಸುಕು ಗಾಜು, ಗ್ರೌಂಡ್ ಗ್ಲಾಸ್, ಇರುತ್ತದೆ. ಬಿಂಬ ಅದರ ಉಜ್ಜಿದ ಮುಖದ ಮೇಲೆ ಬೀಳುತ್ತದೆ. ಆ ಮುಖ ಲೆನ್ಸಿನ ಕಡೆಗಿರಬೇಕು. ಫೋಕಸ್ ಮಾಡಿದ ಮೇಲೆ ಗಾಜಿನ ಜಾಗಕ್ಕೆ ಫಿಲ್ಮ್ ಹೋಲ್ಡರ್ ಬರುತ್ತದೆ. 4×5 ಹೋಲ್ಡರಿನ ಅಂಚಿನಿಂದ ಫಿಲ್ಮ್ ಕೂರುವ ತಳಕ್ಕೆ ಇರಬೇಕಾದ ಆಳ 0.197 ಇಂಚು, ಅಂದರೆ 5 ಮಿ.ಮೀ. ಎಂದು ಅಮೆರಿಕದ ಮಾನಕ ಗೊತ್ತುಮಾಡಿದೆ, 0.007 ಇಂಚಿನಷ್ಟು, ಅಂದರೆ 0.18 ಮಿ.ಮೀ. ಹೆಚ್ಚುಕಡಿಮೆಯಾದರೆ ನಡೆಯುತ್ತದೆ. ಕಾಕತಾಳೀಯವೆಂಬಂತೆ ಹಾಳೆ ಫಿಲ್ಮಿನ ದಪ್ಪವೂ ಅಷ್ಟೇ.

ಇಷ್ಟು ಬಿಗಿ ಏಕೆ? ಫಿಲ್ಮ್ ಮೇಲೆ 0.1 ಮಿ.ಮೀ.ವರೆಗಿನ ಮಸುಕನ್ನು ಕಣ್ಣು ಕ್ಷಮಿಸುತ್ತದೆ ಎಂದುಕೊಳ್ಳೋಣ. ಆಗ ಫಿಲ್ಮ್ ಹಿಂದೆ ಮುಂದೆ ಸರಿಯಲು ಇರುವ ಅವಕಾಶ ಅಪರ್ಚರ್ ಸಂಖ್ಯೆಯನ್ನು 0.1ರಿಂದ ಗುಣಿಸಿದಷ್ಟು. ಎಫ್ 22ರಲ್ಲಿ ಅದು 2.2 ಮಿ.ಮೀ. ಎಫ್ 4.7ರಲ್ಲಿ 0.47. ಪೂರ್ತಿ ತೆರೆದ ಲೆನ್ಸಿಗೆ ಉಳಿಯುವುದು ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಮಾತ್ರ. ಹಳೆಯ ಕ್ಯಾಮೆರಾಗಳು ತಮ್ಮ ದೋಷವನ್ನು ಎಷ್ಟೋ ವರ್ಷ ಬಚ್ಚಿಟ್ಟುಕೊಳ್ಳುವುದು ಹೀಗೆ. ಎಫ್ 22ರಲ್ಲಿ ಬೆಟ್ಟಗುಡ್ಡ ತೆಗೆಯುವವರೆಗೂ ಎಲ್ಲವೂ ಚೂಪಾಗಿರುತ್ತದೆ. ಲೆನ್ಸ್ ಪೂರ್ತಿ ತೆರೆದು ಮುಖವೊಂದನ್ನು ತೆಗೆದ ದಿನ ಗುಟ್ಟು ಹೊರಬೀಳುತ್ತದೆ.

ಸ್ಪೀಡ್ ಗ್ರಾಫಿಕ್‌ನ ಈಚಿನ ಮಾದರಿಗಳಲ್ಲಿ ಈ ತಪ್ಪು ನುಸುಳುವುದು ಹೆಚ್ಚಾಗಿ ಒಂದೇ ದಾರಿಯಲ್ಲಿ. ಬಿಂಬ ಬೆಳಗಿ ಕಾಣಲೆಂದು ಗಾಜಿನ ಮುಂದೆ, ಲೆನ್ಸಿನ ಕಡೆಗೆ, ಕಂಪನಿ ಪಾರದರ್ಶಕ ಪ್ಲಾಸ್ಟಿಕ್ಕಿನ ಫ್ರೆನೆಲ್ ಹಾಳೆಯೊಂದನ್ನು ಇಡುತ್ತಿತ್ತು. ಬೆಳಕು 1.5 ಮಿ.ಮೀ. ದಪ್ಪದ ಪ್ಲಾಸ್ಟಿಕ್ಕನ್ನು ದಾಟಿದಾಗ ಬಿಂಬ ಆ ದಪ್ಪದ ಮೂರನೇ ಒಂದು ಭಾಗ, ಅಂದರೆ 0.5 ಮಿ.ಮೀ., ಹಿಂದಕ್ಕೆ ಸರಿಯುತ್ತದೆ. ಅದನ್ನು ಲೆಕ್ಕ ಹಿಡಿದೇ ಚೌಕಟ್ಟನ್ನು ಕೊರೆದಿರುತ್ತಾರೆ. ಯಾರೋ ಹಳದಿಯಾದ ಹಾಳೆಯನ್ನು ಎಸೆದು ಗಾಜನ್ನು ಅದರ ಜಾಗಕ್ಕೆ ತಳ್ಳಿದರೆ ಗಾಜು 1.5 ಮಿ.ಮೀ. ಮುಂದೆ ಬಂತು, ಬರಬೇಕಿದ್ದದ್ದು 0.5 ಮಾತ್ರ. ಒಂದು ಮಿಲಿಮೀಟರ್ ತಪ್ಪು. ಹಾಳೆ ಇಲ್ಲದ ಕ್ಯಾಮೆರಾಗೆ ಯಾರೋ ಹೊಸದಾಗಿ ಹಾಳೆ ಸೇರಿಸಿದರೆ ಅಷ್ಟೇ ತಪ್ಪು, ಇನ್ನೊಂದು ದಿಕ್ಕಿಗೆ. 127 ಮಿ.ಮೀ. ಲೆನ್ಸಿನಲ್ಲಿ ಒಂದು ಮೀಟರ್ ದೂರದ ಮುಖಕ್ಕೆ ಇದು ಎಷ್ಟಾಗುತ್ತದೆ ಗೊತ್ತೇ? ಸುಮಾರು 5 ಸೆಂಟಿಮೀಟರ್. ಹೀಗೆ ಹಾಳೆ ಸೇರಿಸಿದ ಕ್ಯಾಮೆರಾದಲ್ಲಿ ಕಣ್ಣಿಗೆ ಫೋಕಸ್ ಮಾಡಿದರೆ ಕೆನ್ನೆಯಾಚೆಯ ಕೂದಲು ಚೂಪಾಗಿ, ಕಣ್ಣು ಮಸುಕಾಗಿ ಬರುತ್ತದೆ.

ಪರೀಕ್ಷೆಗೆ ವರ್ನಿಯರ್ ಕ್ಯಾಲಿಪರಿನ ಬಾಲದ ಕಡ್ಡಿ ಸಾಕು. ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು, ಬೆನ್ನಿನ ಚೌಕಟ್ಟಿನಿಂದ ಉಜ್ಜಿದ ಮುಖದವರೆಗಿನ ಆಳವನ್ನೂ, ಹೋಲ್ಡರಿನಲ್ಲಿ ಹಳೆಯ ಫಿಲ್ಮೊಂದನ್ನು ಹಾಕಿ ಅದರ ಮುಖದವರೆಗಿನ ಆಳವನ್ನೂ ಅಳೆಯಬೇಕು. ನಾಲ್ಕು ಮೂಲೆ, ಒಂದು ಮಧ್ಯ. ಫ್ರೆನೆಲ್ ಹಾಳೆ ಇಲ್ಲದಿದ್ದರೆ ಎರಡೂ ಒಂದೇ ಆಗಿರಬೇಕು. ಇದ್ದರೆ ಗಾಜಿನ ಮುಖ ಹಾಳೆಯ ದಪ್ಪದ ಮೂರನೇ ಒಂದು ಭಾಗದಷ್ಟು ಹಿಂದಿರಬೇಕು. ಕೊರತೆ ಬಿದ್ದಲ್ಲಿ ಗಾಜಿನ ಅಡಿಗೆ ಕಾಗದದ ಪಟ್ಟಿ ಇಟ್ಟು ಸರಿದೂಗಿಸಬಹುದು. ಸಾಮಾನ್ಯ ಬರೆಯುವ ಕಾಗದ 0.1 ಮಿ.ಮೀ. ದಪ್ಪ. ಪಕ್ಕದಲ್ಲಿ ಕಟ್ಟಿರುವ, ಗಾಜು ನೋಡದೆಯೇ ಫೋಕಸ್ ಮಾಡಲು ಬಳಸುವ ರೇಂಜ್‌ಫೈಂಡರನ್ನು ಮುಟ್ಟುವುದು ಇದಾದ ಮೇಲೆಯೇ. ಗಾಜು ತಪ್ಪಿದ್ದಾಗ ಅದನ್ನು ಹೊಂದಿಸಿದರೆ ಎರಡು ತಪ್ಪುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಫಿಲ್ಮ್ ದುಬಾರಿ. ಇಂಗ್ಲೆಂಡಿನ ಇಲ್ಫರ್ಡ್, ಜೆಕ್ ದೇಶದ ಫೋಮಾ, ರಾಚೆಸ್ಟರಿನ ಕೊಡಾಕ್ ಇನ್ನೂ ಹಾಳೆ ಫಿಲ್ಮ್ ಮಾಡುತ್ತವೆ ಎಂಬುದೇ ಸಂತೋಷ. ಆದರೆ ಪರೀಕ್ಷೆಯ ಚಿತ್ರಗಳಿಗೆ ಕಪ್ಪು-ಬಿಳುಪು ಫೋಟೋ ಕಾಗದವೇ ಸಾಕು. ಅದನ್ನು 4×5ಕ್ಕೆ ಕತ್ತರಿಸಿ ಹೋಲ್ಡರಿಗೆ ಹಾಕಿದರೆ ಕಾಗದದ ನೆಗೆಟಿವ್ ಸಿಗುತ್ತದೆ. ಅದರ ವೇಗ ಐಎಸ್‌ಒ 6ರ ಆಸುಪಾಸು. ಕೆಂಪು ಬೆಳಕು ಅದಕ್ಕೆ ಕಾಣದ್ದರಿಂದ ಕೆಂಪು ದೀಪದಡಿ ಡೆವಲಪ್ ಮಾಡಬಹುದು, ಚಿತ್ರ ಮೂಡುವುದನ್ನು ಕಣ್ಣಾರೆ ನೋಡಬಹುದು. ಎಕ್ಸ್-ರೇ ಫಿಲ್ಮ್ ಕತ್ತರಿಸಿ ಬಳಸುವವರೂ ಇದ್ದಾರೆ. ಅದರ ಎರಡೂ ಬದಿಗೆ ರಾಸಾಯನಿಕ ಲೇಪ ಇರುವುದರಿಂದ ಬೇಗ ಗೀರು ಬೀಳುತ್ತದೆ.

ಮೊದಲ ಕಾಗದ ಫೋಕಸ್ ಪರೀಕ್ಷೆಗೆ. ಮೇಜಿನ ಮೇಲೆ ಒಂದು ಮೀಟರ್ ದೂರದಲ್ಲಿ ಪೆನ್ಸಿಲ್‌ಗಳನ್ನು ಸೆಂಟಿಮೀಟರಿಗೊಂದರಂತೆ ಹಿಂದೆ ಹಿಂದೆ ಸರಿಸಿ ನಿಲ್ಲಿಸಿ, ಮಧ್ಯದ್ದಕ್ಕೆ ಭೂತಗನ್ನಡಿ ಹಿಡಿದು ಫೋಕಸ್ ಮಾಡಿ, ಎಫ್ 4.7ರಲ್ಲಿ ತೆಗೆಯಬೇಕು. ನೆಗೆಟಿವ್‌ನಲ್ಲಿ ಹತ್ತಿರದ ಪೆನ್ಸಿಲ್ ಚೂಪಾಗಿದ್ದರೆ ಫಿಲ್ಮ್ ಗಾಜಿಗಿಂತ ಹಿಂದೆ ಕೂರುತ್ತಿದೆ. ದೂರದ್ದು ಚೂಪಾಗಿದ್ದರೆ ಮುಂದೆ. ಇಷ್ಟು ಹತ್ತಿರದಲ್ಲಿ ಲೆನ್ಸ್ ತನ್ನ ಸಂಗಮ ದೂರಕ್ಕಿಂತ ಮುಂದೆ ಚಾಚಿರುತ್ತದೆ, ಬೆಳಕು ಹೆಚ್ಚು ದೂರಕ್ಕೆ ಹರಡಿ ತೆಳುವಾಗುತ್ತದೆ. 127 ಮಿ.ಮೀ. ಲೆನ್ಸನ್ನು ಫಿಲ್ಮಿನಿಂದ 180 ಮಿ.ಮೀ.ಗೆ ಚಾಚಿದರೆ ಎರಡು ಪಟ್ಟು ಸಮಯ ಕೊಡಬೇಕು. 180ನ್ನು 127ರಿಂದ ಭಾಗಿಸಿ ವರ್ಗ ಮಾಡಿದರೆ ಬರುವುದು ಆ ಎರಡು.

ಎರಡನೆಯ ಪರೀಕ್ಷೆಗೆ ನಿಜವಾದ ಫಿಲ್ಮೇ ಬೇಕು, ನಾಲ್ಕು ಹಾಳೆ. ಸಮನಾದ ಬೆಳಕಿರುವ ಸುಣ್ಣದ ಗೋಡೆಯೊಂದನ್ನು 1/200ರಲ್ಲಿ ಎಫ್ 5.6, 1/100ರಲ್ಲಿ ಎಫ್ 8, 1/50ರಲ್ಲಿ ಎಫ್ 11, 1/25ರಲ್ಲಿ ಎಫ್ 16 ಎಂದು, ಆದರೆ ಪ್ರತಿ ಸಲವೂ ಅಂಟಿಸಿದ ಚೀಟಿಯ ತಿದ್ದುಪಡಿ ಸೇರಿಸಿ ತೆಗೆಯಬೇಕು. ನಾಲ್ಕನ್ನೂ ಒಂದೇ ಡೆವಲಪರಿನಲ್ಲಿ, ಒಂದೇ ಉಷ್ಣತೆಯಲ್ಲಿ, ಒಂದೇ ಹೊತ್ತು ಸಂಸ್ಕರಿಸಿ, ಹೈಪೋದಿಂದ ತೆಗೆದು ತೊಳೆದು ಕಿಟಕಿಯ ಬೆಳಕಿಗೆ ಸಾಲಾಗಿ ಹಿಡಿದು ನೋಡಬೇಕು. ನಾಲ್ಕೂ ಒಂದೇ ಬೂದು ಬಣ್ಣದಲ್ಲಿದ್ದರೆ ಚೀಟಿ ಸರಿಯಾಗಿದೆ. 1/200ರದು ತುಸು ತೆಳುವಾಗಿದ್ದರೆ ಅದು ಶಟರಿನ ತಪ್ಪಲ್ಲ: ಅಲಗುಗಳು ದೊಡ್ಡ ಅಪರ್ಚರನ್ನು ಪೂರ್ತಿ ತೆರೆಯಲು ಒಂದೆರಡು ಮಿಲಿಸೆಕೆಂಡ್ ಬೇಕು, ಐದೇ ಮಿಲಿಸೆಕೆಂಡಿನ ಎಕ್ಸ್‌ಪೋಜರಿನಲ್ಲಿ ಅದು ದೊಡ್ಡ ಪಾಲು. ಆ ಸಾಲಿನ ಮುಂದೆ ಕಾಲು ಸ್ಟಾಪನ್ನೋ ಮೂರನೇ ಒಂದು ಸ್ಟಾಪನ್ನೋ ಸೇರಿಸಿ ಬರೆದುಕೊಳ್ಳಬೇಕು. 1/25ರದು ಮಾತ್ರ ಎದ್ದು ಕಾಣುವಷ್ಟು ಕಪ್ಪಾಗಿದ್ದರೆ ಹಲ್ಲುಚಕ್ರಗಳಲ್ಲಿ ಅಂಟು ಇನ್ನೂ ಉಳಿದಿದೆ. ಮುಚ್ಚಳ ಮತ್ತೊಮ್ಮೆ ತೆಗೆಯಬೇಕು.